ಐದನೇ ಪುಟದ ಜಡ್ಡು

12 ಮಾರ್ಚ್ 2001, ಸೋಮವಾರ. ಬೆಳಿಗ್ಗೆ 9.10

ಉದಯ ಆಫೀಸಿಗೆ ಹೋದ. ಡಬ್ಬಿಯಲ್ಲಿ ಚಪಾತಿ, ಬದನೆಕಾಯಿ ಪಲ್ಯ. ಬಸ್ಸು ತಪ್ಪಿತೆಂದು ಕಾಣುತ್ತದೆ, ಬಾಲ್ಕನಿಯಿಂದ ನೋಡಿದರೆ ಸ್ಟಾಪಿನಲ್ಲಿ ಒಬ್ಬನೇ ನಿಂತಿದ್ದ. ಪಾತ್ರೆ ಆಯಿತು. ಕೆಳಗೆ ನೆಲಮಾಳಿಗೆಯಲ್ಲಿ ಬಟ್ಟೆ ಮಷೀನು ತಿರುಗುತ್ತಿದೆ. ಇನ್ನು ಸಂಜೆ ಆರರವರೆಗೆ ನಾನು, ಈ ಮೂರನೇ ಮಹಡಿ, ಜರ್ಮನಿಯ ಈ ರೇಗನ್ಸ್‌ಬರ್ಗಿನ ಮಂಜು.

ಮೋಡೆಮ್ ಹಾಕಿದೆ. ಕಿರುಚಿ ಕಿರುಚಿ ಕನೆಕ್ಟ್ ಆಯಿತು. ಬಾನ್‌ನ ಆ ಸಂಸ್ಥೆಯ ಸೈಟ್ ಮತ್ತೆ ತೆಗೆದೆ. "ಮನೆಯಿಂದಲೇ ಬಡತನದ ವಿರುದ್ಧ ದುಡಿಯಿರಿ. ವಾರಕ್ಕೆ ಐದು ತಾಸು ಸಾಕು." ಐದೇನು, ನನ್ನ ಹತ್ತಿರ ಐವತ್ತಿದೆ. ಫಾರ್ಮ್ ತುಂಬಿದೆ. ಹೆಸರು: ಪವಿತ್ರಾ, ಕರೆಯುವುದು ಪವಿ. ಓದು: ಹೋಮ್ ಸೈನ್ಸ್. ಅನುಭವ: ಹುನಗುಂದದ ಕಡೆ ಅಂಗನವಾಡಿ ಸೂಪರ್‌ವೈಸರ್, ಮೂರು ವರ್ಷ. ಈಗಿನ ಕೆಲಸ: — ಅಲ್ಲಿ ಕೈ ನಿಂತಿತು.

ಉದಯನಿಗೆ ಕಂಪ್ಯೂಟರ್ ಕೆಲಸಕ್ಕೆ ಜರ್ಮನಿಯ ಗ್ರೀನ್ ಕಾರ್ಡ್, ಐದು ವರ್ಷ. ನನ್ನ ಪಾಸ್‌ಪೋರ್ಟಿನಲ್ಲಿ ಆಸ್‌ಲೆಂಡರ್‌ಆಮ್ಟ್, ಅಂದರೆ ವಿದೇಶಿಯರ ಕಚೇರಿಯವರು ಒತ್ತಿದ ಮೊಹರು — ಎರ್ವೆರ್ಬ್ಸ್‌ಟೇಟಿಗ್‌ಕೈಟ್ ನಿಷ್ಟ್ ಗೆಶ್ಟಾಟೆಟ್. ಸಂಬಳಕ್ಕೆ ದುಡಿಯುವಂತಿಲ್ಲ. ಪುಕ್ಕಟೆ ದುಡಿಯಬಹುದಲ್ಲ. "ಹೆಂಡತಿ" ಎಂದು ಬರೆದೆ, ಅಳಿಸಿದೆ. ಖಾಲಿ ಬಿಟ್ಟೆ. ಸೆಂಡ್.

19 ಮಾರ್ಚ್, ಮಧ್ಯಾಹ್ನ

ಬಾನ್‌ನಿಂದ ಮೇಲ್. ಫ್ರೌ ಲೆಂಟ್ಸ್ ಅನ್ನುವವರು. ಉತ್ತರ ಕರ್ನಾಟಕದ ನಲವತ್ತು ಹಳ್ಳಿಗಳಿಗೆ ಎಂಟು ಪುಟದ ಪುಸ್ತಿಕೆ ಬೇಕಂತೆ. ಕೂಸಿಗೆ ಭೇದಿ ಹತ್ತಿದಾಗ ತಾಯಿ ಏನು ಮಾಡಬೇಕು, ಏನು ಮಾಡಬಾರದು. ಇಂಗ್ಲಿಷ್ ಪ್ರತಿ ಜೊತೆಗಿದೆ, ಕನ್ನಡಕ್ಕೆ ನಾನು ತರಬೇಕು. ಹುಬ್ಬಳ್ಳಿಯಲ್ಲಿ ಪ್ರಿಂಟ್, ಮಳೆಗಾಲದಲ್ಲಿ ಹಂಚಿಕೆ. ಪಟ್ಟಿಯಲ್ಲಿ ಬಸವ್ವನ ಊರೂ ಇದೆ. ನನ್ನ ಕೈಕೆಳಗೆ ಇದ್ದ ಅಂಗನವಾಡಿ ಕಾರ್ಯಕರ್ತೆ ಬಸವ್ವ. ಕುಣಿಯುವುದೊಂದು ಬಾಕಿ.

ಆಮೇಲೆ ಕೊನೆಯ ಪ್ಯಾರಾ. "ನಿಮ್ಮ ಜೊತೆ ಡ್ಯೂಸೆಲ್ಡಾರ್ಫಿನ ಹರಿಪ್ರಿಯಾ ಇರುತ್ತಾರೆ. ಅವರು ಎಡಿಟರ್."

ಎಡಿಟರ್ ಯಾಕೆ? ಆಕೆಯ ಹತ್ತಿರ ಕನ್ನಡ ಫಾಂಟ್ ಇದೆ, ನನ್ನ ಹತ್ತಿರ ಇಲ್ಲ. ಅಷ್ಟೇ. ನಾನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸಬೇಕು, ಆಕೆ ಅದನ್ನು ಕನ್ನಡ ಅಕ್ಷರಕ್ಕೆ ಇಳಿಸುತ್ತಾಳೆ. ಫಾಂಟ್ ಹಾಕಿಕೊಡು ಎಂದು ಉದಯನಿಗೆ ಸಂಕ್ರಾಂತಿಯಿಂದ ಹೇಳುತ್ತಿದ್ದೇನೆ. "ವೀಕೆಂಡಿಗೆ ಹಾಕತೇನಿ." ಎಷ್ಟು ವೀಕೆಂಡ್ ಹೋದವು.

26 ಮಾರ್ಚ್, ಯುಗಾದಿ

ಬೇವು ಸಿಗಲಿಲ್ಲ. ಬೆಲ್ಲವಷ್ಟೇ ತಿಂದೆವು. ಕಹಿಗೇನೂ ಕೊರತೆಯಾಗಲಿಲ್ಲ, ಹರಿಪ್ರಿಯಾಳ ಮೇಲ್ ಬಂದಿತ್ತು. ಮೈಸೂರು. ಸಾಫ್ಟ್‌ವೇರ್. ಗ್ರೀನ್ ಕಾರ್ಡ್ ಅವಳದೇ, ಗಂಡನದಲ್ಲ. ಗಂಡನೇ ಇಲ್ಲ. ಹತ್ತು ತಾಸು ಆಫೀಸು ಮುಗಿಸಿ "ಸಮಾಜಕ್ಕೆ ಏನಾದ್ರೂ ಮಾಡೋಣ ಅಂತ" ಬರುತ್ತಾಳಂತೆ.

ನಾನು ಬೇರೇನೂ ಇಲ್ಲದೆ ಬಂದವಳು. ಅದನ್ನು ಅವಳಿಗೆ ಬರೆಯಲಿಲ್ಲ.

2 ಏಪ್ರಿಲ್

ನನ್ನ ಮೊದಲ ನಾಲ್ಕು ಪುಟ ತಿದ್ದಿಸಿಕೊಂಡು ವಾಪಸ್ ಬಂದವು. ದವಾಖಾನಿ ಹೋಗಿ ಆಸ್ಪತ್ರೆ. ಗುಳಿಗಿ ಹೋಗಿ ಮಾತ್ರೆ. ತಾಸು ಹೋಗಿ ಗಂಟೆ. ಕೆಳಗೆ ನೋಟ್: "ಪವಿ ಅವರೆ, ನಿಮ್ಮ ಭಾಷೆ ತುಂಬಾ ಸ್ವೀಟ್ ರೀ. ಸ್ವಲ್ಪ ಸ್ಟ್ಯಾಂಡರ್ಡ್ ಮಾಡಿದೀನಿ, ಬೇಜಾರಿಲ್ಲ ತಾನೇ?"

ಸ್ವೀಟ್. ಗಲ್ಲ ಹಿಂಡಿ ಚಾಕಲೇಟ್ ಕೊಟ್ಟ ಹಾಗೆ.

ಉದಯ ಹೆಗಲ ಮೇಲಿಂದ ಓದಿದ. "ಛಲೋ ಮಾಡ್ಯಾಳಲ್ಲ. ಎಷ್ಟು ನೀಟ್ ಐತಿ ನೋಡು."

"ನಂದು ನೀಟ್ ಇರಲಿಲ್ಲೇನು?"

"ನಿಂದು ಮನ್ಯಾಗ ಮಾತಾಡಿದಂಗಿತ್ತು."

"ಮನ್ಯಾಗ ಇರೋರಿಗೇ ಬರದೀನಿ."

ಅವನು ಚಹಾ ಇಡಲು ಹೋದ. ಜಗಳ ಬರುವ ವಾಸನೆ ಹತ್ತಿದರೆ ಚಹಾ ಇಡುವುದು ಅವನ ಪದ್ಧತಿ. ಸಂಸ್ಥೆಯ ಸೈಟಿನಲ್ಲಿ ಅವಳ ಫೋಟೋ ನೋಡಿದ್ದಾನೆಯೇ? ಕೇಳಲಿಲ್ಲ.

5 ಏಪ್ರಿಲ್

ಹರಿಪ್ರಿಯಾಗೆ ಬರೆದೇ ಬಿಟ್ಟೆ. ಮೂರು ವರ್ಷ ಆ ಹೆಂಗಸರ ಜೊತೆ ಕೂತು ರೊಟ್ಟಿ ತಿಂದವಳು ನಾನು, ಮಾತ್ರೆ ಎಂದರೆ ಪುಸ್ತಕದ ಮಾತೆಂದು ಅವರು ಶಾಲೆಯ ಕಡೆ ನೋಡುತ್ತಾರೆ, ಗುಳಿಗಿ ಎಂದರೆ ಕೈ ಚಾಚುತ್ತಾರೆ ಎಂದು. ಸ್ವಲ್ಪ ಖಾರವಾಗಿಯೇ ಬರೆದೆ. ಜಗಳಕ್ಕೆ ಬರಲಿ ಎಂದೇ ಇತ್ತು.

ಅರ್ಧ ತಾಸಿನಲ್ಲಿ ಉತ್ತರ. "ಖಂಡಿತ ನಿಮ್ಮ ಮಾತೇ ಸರಿ ಪವಿ. ನನಗೆ ಆ ಕಡೆ ಏನೂ ಗೊತ್ತಿಲ್ಲ. ನಿಮ್ಮ ಪದ ಎಲ್ಲಾ ವಾಪಸ್ ಹಾಕ್ತೀನಿ. ಇನ್ಮೇಲೆ ಪದ ಮುಟ್ಟಲ್ಲ, ಪ್ರಾಮಿಸ್. ಸ್ಪೆಲ್ಲಿಂಗ್ ಮಾತ್ರ ನೋಡ್ಕೋತೀನಿ."

ಗೆದ್ದೆ. ಗೆದ್ದ ಮೇಲೂ ಮೈ ಉರಿಯುತ್ತಿದೆ. ಒಳ್ಳೆಯವಳಾಗಿ ಬೇರೆ ಇರಬೇಕೇ ಇವಳು.

29 ಏಪ್ರಿಲ್, ಭಾನುವಾರ

ನಿನ್ನೆ ಬಾನ್‌ನಲ್ಲಿ ಸ್ವಯಂಸೇವಕರ ಸಭೆ. ಆರು ತಾಸು ರೈಲು. ಉದಯನೂ ಬಂದ, ಬರಬೇಡ ಎಂದರೂ.

ಹರಿಪ್ರಿಯಾ ಎತ್ತರ. ಕತ್ತರಿಸಿದ ಕೂದಲು, ಬೂದು ಬಣ್ಣದ ಕೋಟು. ಜರ್ಮನ್ ಭಾಷೆಯನ್ನು ನೀರು ಕುಡಿದ ಹಾಗೆ ಮಾತಾಡುತ್ತಾಳೆ. ನನಗಾಗಿ ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದಳು. ಕೈ ಹಿಡಿದುಕೊಂಡು, "ಎಷ್ಟು ದಿನ ಆಯ್ತು ಪವಿ, ಕನ್ನಡ ಕಿವಿಗೆ ಬಿದ್ದು," ಎಂದಳು. ಆಮೇಲೆ ಊಟಕ್ಕೆ ಕೂತಾಗ ಅವಳೂ ಉದಯನೂ ಜಾವಾ, ಸರ್ವರ್, ಪ್ರಾಜೆಕ್ಟ್. ಉದಯ ನಕ್ಕ. ಈ ಮನೆಯಲ್ಲಿ ಆ ನಗು ಕೇಳಿ ಎಷ್ಟು ತಿಂಗಳಾಯಿತೋ.

ಹೊರಡುವಾಗ ಅಂದಳು: "ನೀವು ಲಕ್ಕಿ ಕಣ್ರೀ. ಮನೇಲೇ ಇರ್ತೀರಾ, ಎಷ್ಟೊಂದು ಟೈಮು. ನನಗೆ ಬಟ್ಟೆ ಒಗೆಯೋಕೂ ಟೈಮಿಲ್ಲ."

ನಕ್ಕೆ ಎಂದು ಕಾಣುತ್ತದೆ.

ರೈಲಿನಲ್ಲಿ ಉದಯ, "ಶಾಣ್ಯಾಕಿ ಅದಾಳ," ಎಂದ. ಕಿಟಕಿಯ ಹೊರಗೆ ರೈನ್ ನದಿ ನೋಡುತ್ತ ಕೂತೆ. ಪುಳಿಯೋಗರೆ ಮಾತ್ರ ರುಚಿಯಾಗಿತ್ತು, ಅದನ್ನೂ ಒಪ್ಪಿಕೊಳ್ಳಬೇಕು.

17 ಮೇ

ಸಂಸ್ಥೆಯ ನ್ಯೂಸ್‌ಲೆಟರ್. ಈ ತಿಂಗಳ ಸ್ವಯಂಸೇವಕಿ: ಹರಿಪ್ರಿಯಾ. ಅರ್ಧ ಪುಟ ಫೋಟೋ. ಕೆಳಗೆ — "ಬವೇರಿಯಾದ ಒಬ್ಬ ಗೃಹಿಣಿಯ ನೆರವಿನಿಂದ." ನನಗೆ ಹೆಸರೂ ಇಲ್ಲ. ಉದಯ ಅದನ್ನು ಆಫೀಸಿನಲ್ಲಿ ಕಲರ್ ಪ್ರಿಂಟ್ ತೆಗೆದು ತಂದಿದ್ದ. "ನಿಮ್ಮ ಟೀಮ್ ಬಂದೈತಿ ನೋಡು."

ಹೊಟ್ಟೆಕಿಚ್ಚು. ಹೌದು, ಅದೇ. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ ಇದನ್ನು. ಅವಳ ಕೋಟು ಕಂಡರೆ ಕಿಚ್ಚು, ಅವಳ ಫಾಂಟ್ ಕಂಡರೆ ಕಿಚ್ಚು. ಬಟ್ಟೆ ಒಗೆಯಲು ಟೈಮಿಲ್ಲ ಎನ್ನುವ ಅವಳ ಸುಖ ಕಂಡರೆ ಎಲ್ಲಕ್ಕಿಂತ ಹೆಚ್ಚು.

25 ಮೇ

ಕೊನೆಯ ನಾಲ್ಕು ಪುಟ ಕಳಿಸಿದೆ. ಐದನೇ ಪುಟದ ತಲೆಬರಹ ಇಂಗ್ಲಿಷಿನಲ್ಲಿಲ್ಲ, ನನ್ನದೇ. ಕೂಸಿಗೆ ಭೇದಿ ಹತ್ತಿತೆಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಮಾಡುವ ಕೆಲಸ ಎದೆಹಾಲು ಬಿಡಿಸುವುದು. ಹಾಲು ಕುಡಿದರೆ ಭೇದಿ ಹೆಚ್ಚಾಗುತ್ತದೆ ಎನ್ನುತ್ತಾರೆ. ನೀರಿಲ್ಲದೆ ಬತ್ತಿದ ಕೂಸುಗಳನ್ನು ನೋಡಿದ್ದೇನೆ. ಅದಕ್ಕೆ ಬರೆದೆ: "ಜಡ್ಡು ಇದ್ದರ ಹಾಲು ಬಿಡಿಸಬ್ಯಾಡ್ರಿ." ನಮ್ಮ ಕಡೆ ಜಡ್ಡು ಎಂದರೆ ಕಾಯಿಲೆ. ಓದು ಬಾರದವಳಿಗೂ ಕಿವಿಗೆ ಬಿದ್ದರೆ ಸಾಕು.

ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ. ಜೆ, ಎ, ಡಿ, ಡಿ, ಯು. ಎಂಟು ಪುಟದಲ್ಲಿ ನನಗೆ ಹೆಮ್ಮೆ ಇರುವ ಸಾಲು ಇದೊಂದೇ.

14 ಜೂನ್, ಗುರುವಾರ. ಬೆಳಿಗ್ಗೆ 11

ಫ್ರೋನ್‌ಲೈಷ್ನಾಮ್ ಹಬ್ಬದ ರಜೆ. ಅಂಗಡಿ ಬಂದ್, ಬೀದಿಯಲ್ಲಿ ಮೆರವಣಿಗೆ, ಚರ್ಚಿನ ಗಂಟೆ. ಉದಯ ಸ್ನಾನಕ್ಕೆ ಹೋಗಿದ್ದಾನೆ.

ಪ್ರೂಫ್ ಬಂದಿದೆ. ಒಳಪುಟಗಳು ಮಾತ್ರ, ಮುಖಪುಟ ಇನ್ನೂ ಆಗಿಲ್ಲವಂತೆ. "ಪವಿ, ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಹುಬ್ಬಳ್ಳಿಗೆ ಕಳಿಸ್ತೀನಿ. ತಪ್ಪಿದ್ರೆ ಅಷ್ಟರೊಳಗೆ ಹೇಳಿ. ಉತ್ತರ ಬರಲಿಲ್ಲ ಅಂದ್ರೆ ಓಕೆ ಅಂದ್ಕೋತೀನಿ. ನಿಮ್ಮ ಒಂದು ಪದಾನೂ ಮುಟ್ಟಿಲ್ಲ. ಅಲ್ಲಲ್ಲಿ ಒಂದೊಂದು ಅಕ್ಷರ ತಪ್ಪಿತ್ತು, ಸರಿ ಮಾಡಿದೀನಿ."

ಐದನೇ ಪುಟ. ದಪ್ಪ ಅಕ್ಷರ. "ಜಿಡ್ಡು ಇದ್ದರ ಹಾಲು ಬಿಡಿಸಬ್ಯಾಡ್ರಿ."

ಜಿಡ್ಡು. ಎಣ್ಣೆ ಜಿಡ್ಡು. ಬಾಣಲೆಯ ಜಿಡ್ಡು.

ಮೈಸೂರಿನವಳಿಗೆ ಜಡ್ಡು ಗೊತ್ತಿಲ್ಲ. ನಾನು ಐ ಬದಲು ಎ ಕುಟ್ಟಿದೆ ಎಂದುಕೊಂಡು ಗುಡಿಸು ಹಾಕಿದ್ದಾಳೆ. ನಗು ಬಂತು. ಬಾತ್‌ರೂಮಿನಿಂದ ಉದಯ, "ಯಾಕ ನಗತೀ?" ಎಂದ. "ಏನಿಲ್ಲ," ಎಂದೆ.

ಮಧ್ಯಾಹ್ನ 3

ಹೇಳಬೇಕು. ಒಂದೇ ಸಾಲಿನ ಮೇಲ್.

ಆದರೆ ಹೇಳಿದರೆ ಏನಾಗುತ್ತದೆ? ಥ್ಯಾಂಕ್ಸ್ ಪವಿ, ಸೋ ಸ್ವೀಟ್. ಸರಿ ಮಾಡುತ್ತಾಳೆ, ಪುಸ್ತಿಕೆ ಚೆನ್ನಾಗಿ ಬರುತ್ತದೆ, ಮತ್ತೆ ಅವಳ ಫೋಟೋ. ಅಚ್ಚಾದ ಮೇಲೆ ಫ್ರೌ ಲೆಂಟ್ಸ್‌ಗೆ ಗೊತ್ತಾಗಲಿ, ಎಡಿಟರ್ ಎಂಥವಳು ಎಂದು. ಒಂದು ಅಕ್ಷರ ತಾನೇ. ಓದುವವರು ನಕ್ಕು ಸರಿ ಮಾಡಿಕೊಳ್ಳುತ್ತಾರೆ.

15 ಜೂನ್. 11.40

ಮೋಡೆಮ್ ಹಾಕಿಲ್ಲ. ಅಕ್ಕಿ ನೆನೆಹಾಕಿದೆ. ಕಿಟಕಿ ಒರೆಸಿದೆ, ಮೊನ್ನೆಯಷ್ಟೇ ಒರೆಸಿದ್ದರೂ.

12.05

ಆಯಿತು.

30 ಜುಲೈ, ಸೋಮವಾರ

ಆರು ವಾರ ಏನೂ ಬರೆದಿಲ್ಲ. ಬರೆಯುವುದೇನು — ಅಡುಗೆ, ಜರ್ಮನ್ ಕ್ಲಾಸು, ಬಟ್ಟೆ.

ಇವತ್ತು ಪೋಸ್ಟಿನಲ್ಲಿ ಪುಸ್ತಿಕೆ ಬಂತು, ಐದು ಪ್ರತಿ. ಮುಖಪುಟದಲ್ಲಿ ಕೂಸನ್ನು ಎತ್ತಿಕೊಂಡ ಇಳಕಲ್ ಸೀರೆಯ ಹೆಂಗಸು. ಕೆಳಗೆ ಒಂದೇ ಸಾಲು: "ಕನ್ನಡದಲ್ಲಿ — ಪವಿತ್ರಾ ಉದಯಕುಮಾರ, ರೇಗನ್ಸ್‌ಬರ್ಗ್."

ತಿರುಗಿಸಿ ನೋಡಿದೆ. ಹಿಂದೆ, ಒಳಗೆ, ಎಲ್ಲೂ ಅವಳ ಹೆಸರಿಲ್ಲ. ಜೊತೆಗೆ ಚೀಟಿ: "ಪವಿ, ಆ ನ್ಯೂಸ್‌ಲೆಟರ್ ನೋಡಿ ನನಗೇ ನಾಚಿಕೆ ಆಯ್ತು. ಮಾತೆಲ್ಲಾ ನಿಮ್ಮದು, ನಾನು ಬರೀ ಟೈಪಿಸ್ಟು. ಅದಕ್ಕೇ ನನ್ನ ಹೆಸರು ತೆಗೆಸಿದೆ. ಸರ್ಪ್ರೈಸ್ ಇರಲಿ ಅಂತ ಹೇಳಿರಲಿಲ್ಲ."

ಉದಯ ಒಂದು ಪ್ರತಿಯನ್ನು ಟಿವಿಯ ಮೇಲೆ ನಿಲ್ಲಿಸಿ, "ಆಫೀಸಿಗೆ ಒಂದು ಒಯ್ಯತೇನಿ," ಎಂದ. ಮುಖ ಅರಳಿತ್ತು ಅವನದು. ನಾನು ಐದನೇ ಪುಟ ತೆಗೆಯಲಿಲ್ಲ.

2 ಆಗಸ್ಟ್. ಬೆಳಿಗ್ಗೆ 10

ತಡೆಯಲಾಗಲಿಲ್ಲ. ಬಸವ್ವನ ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ನನ್ನ ಹೆಸರು ನೋಡಿ ಅವಳು ಏನೆನ್ನುತ್ತಾಳೆ ಎಂದು ಕೇಳುವ ಆಸೆ. ಅಂಗಡಿಯವನು ಹೋಗಿ ಕರೆತಂದ.

"ಅಕ್ಕಾರ, ನಿಮ್ಮ ಹೆಸರು ಓದಿ ಎದಿ ತುಂಬಿ ಬಂತ್ರಿ," ಎಂದಳು. "ಮನಿ ಮನಿಗೆ ಹೋಗಿ ಓದಿ ಹೇಳೀನಿ."

"ಐದನೇ ಪುಟಾನೂ ಓದಿದೇನು?"

"ಓದಿದ್ನಿರಿ. ನನಗೂ ಒಂದೀಟು ವಿಚಿತ್ರ ಅನಿಸ್ತು. ಜಿಡ್ಡು ಇದ್ದರ ಹಾಲು ಬಿಡಿಸಬ್ಯಾಡ್ರಿ ಅಂತೈತಲ್ಲ, ಅಂದ್ರ ಜಿಡ್ಡಿಲ್ಲದ ಹಾಲು ಬಿಡಿಸಬೇಕಂತ. ಮೊದಲ ನೀವಾ ಎದಿಹಾಲು ಕೊಡ್ರಿ ಅಂತಿದ್ರಿ. ಈಗೇನು ಹೊಸಾದು ಕಂಡು ಹಿಡದಾರೋ ಏನೋ ಜರ್ಮನಿಯಾಗ, ಅಕ್ಕಾರ ಬರದಾರಂದ್ರ ಸುಳ್ಳಿರಂಗಿಲ್ಲ ಅಂತ ಹಂಗಾ ಓದಿದೆ."

ಆಮೇಲೆ ಹೇಳಿದಳು. ಅಂಬವ್ವ ಅನ್ನುವ ಹುಡುಗಿ, ಏಳು ತಿಂಗಳ ಕೂಸು. ಭೇದಿ ಹತ್ತಿತು. ತನ್ನ ಹಾಲು ತೆಳ್ಳಗೆ, ಜಿಡ್ಡಿಲ್ಲ ಎಂದು ಎದೆ ಬಿಡಿಸಿ ಎಮ್ಮೆಯ ಗಟ್ಟಿ ಹಾಲು ಹಾಕಿದಳು. ಮೂರು ದಿನ. ಕೂಸಿನ ಕಣ್ಣು ಒಳಗೆ ಹೋದವು. ನಿನ್ನೆಯಿಂದ ಹುನಗುಂದದ ದವಾಖಾನೆಯಲ್ಲಿ ಸಲೈನ್.

"ಬಸವ್ವ, ಅದು ಜಿಡ್ಡು ಅಲ್ಲ. ಜಡ್ಡು. ಜಡ್ಡು ಇದ್ದರ."

"ಯವ್ವಾ," ಎಂದಳು. "ಈಗ ಹೋಗಿ ಎಲ್ಲಾರಿಗೂ ಹೇಳತೀನ್ರಿ," ಎಂದು ಫೋನ್ ಇಟ್ಟಳು.

ಒಬ್ಬಳೇ ಬಸವ್ವ. ನಲವತ್ತು ಹಳ್ಳಿ.

2 ಆಗಸ್ಟ್. 10.50

ಬಾನ್‌ಗೆ ಮೇಲ್ ಕಳಿಸಿದೆ. ಹಂಚುವುದು ನಿಲ್ಲಿಸಿ, ಐದನೇ ಪುಟದಲ್ಲಿ ತಪ್ಪಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಟೈಪ್ ಮಾಡಿದವರ ತಪ್ಪು" ಎಂದು ಸೇರಿಸಿದೆ. ಕೂಸು ಸಲೈನ್ ಮೇಲಿದೆ, ನನಗೆ ಆ ಸಾಲು ಬೇಕಿತ್ತು. ಎಂಥ ಹೆಂಗಸು ನಾನು.

ಈಗ ಮೋಡೆಮ್ ತೆಗೆದಿದ್ದೇನೆ. ಬಸವ್ವ ಫೋನ್ ಮಾಡಿದರೆ ಲೈನ್ ಎಂಗೇಜ್ ಇರಬಾರದು.

4 ಆಗಸ್ಟ್

ಬಸವ್ವ ಅಂಗಡಿಯಿಂದ ಫೋನ್ ಮಾಡಿದ್ದಳು. ಕೂಸು ಕಣ್ಣು ಬಿಟ್ಟಿದೆ. ಎದೆಗೆ ಬಾಯಿ ಹಾಕಿತಂತೆ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಉದಯ ಚಹಾ ಇಡಲಿಲ್ಲ, ಪಕ್ಕದಲ್ಲಿ ಬಂದು ಕೂತ. "ಟೈಪಿಂಗ್ ಮಿಸ್ಟೇಕಿಗೆ ನೀ ಯಾಕ ಅಳತೀ?" ಎಂದ. ಅವನಿಗೂ ಹೇಳಲಿಲ್ಲ.

6 ಆಗಸ್ಟ್, ಸೋಮವಾರ

ಹರಿಪ್ರಿಯಾ ಫೋನ್.

"ನಂದೇ ತಪ್ಪು ಪವಿ. ಜಡ್ಡು ಅಂತ ಒಂದು ಪದ ಇದೆ ಅಂತಾನೇ ಗೊತ್ತಿರ್ಲಿಲ್ಲ ನನಗೆ. ನಿಮ್ಮನ್ನ ಕೇಳ್ದೆ ಅಕ್ಷರ ಬದಲಿಸ್ಬಿಟ್ಟೆ. ನಿಮ್ಮ ಹೆಸರು ಬೇರೆ ಹಾಳಾಯ್ತು. ಲೆಂಟ್ಸ್‌ಗೆ ಬರ್ದಿದೀನಿ, ಪೂರ್ತಿ ನಂದೇ ಜವಾಬ್ದಾರಿ, ನಾನು ಎಡಿಟರ್ ಕೆಲಸ ಬಿಡ್ತೀನಿ ಅಂತ."

ಟಿವಿಯ ಮೇಲಿನ ಪುಸ್ತಿಕೆಯನ್ನು ಮಗುಚಿ ಇಟ್ಟೆ.

"ಒಂದು ಕೇಳ್ಲಾ? ಆ ಪ್ರೂಫ್ ಮೇಲ್ ನಿಮಗೆ ತಲುಪ್ಲೇ ಇಲ್ಲ ಅಲ್ವಾ? ಅವತ್ತು ರಜೆ ಬೇರೆ. ತಲುಪಿದ್ರೆ ನಿಮ್ಮ ಕಣ್ಣಿಗೆ ಬೀಳ್ದೆ ಇರ್ತಿರ್ಲಿಲ್ಲ. ನಾನು ಒಂದು ಫೋನ್ ಮಾಡ್ಬೇಕಿತ್ತು."

"ಇಲ್ಲ," ಎಂದೆ. "ತಲುಪಲಿಲ್ಲ."

"ನಂಗೊತ್ತಿತ್ತು," ಎಂದಳು. ಸಮಾಧಾನವಾದವಳ ಹಾಗೆ.

20 ಆಗಸ್ಟ್, ಸೋಮವಾರ. ಬೆಳಿಗ್ಗೆ 9.30

ಫ್ರೌ ಲೆಂಟ್ಸ್ ಮೇಲ್. ಹಂಚಿದ ಪ್ರತಿಗಳಿಗೆ ತಿದ್ದುಪಡಿ ಚೀಟಿ ಅಂಟಿಸುತ್ತಿದ್ದಾರೆ. ಮರುಮುದ್ರಣಕ್ಕೆ, ಮುಂದಿನ ಪುಸ್ತಿಕೆಗಳಿಗೆ ನಾನು ಎಡಿಟರ್ ಆಗುತ್ತೇನೆಯೇ? ಇವತ್ತು ಸಂಜೆಯೊಳಗೆ ತಿಳಿಸಬೇಕು. ಹರಿಪ್ರಿಯಾ ಅವರೇ ನನ್ನ ಹೆಸರು ಹೇಳಿದರಂತೆ. ತಪ್ಪನ್ನು "ಕೂಡಲೇ ಗುರುತಿಸಿದ್ದಕ್ಕೆ" ನನಗೆ ಕೃತಜ್ಞತೆ.

ಕೂಡಲೇ.

11.15

ಬಾಗಿಲಲ್ಲಿ ಪೋಸ್ಟಿನವನು. ಡ್ಯೂಸೆಲ್ಡಾರ್ಫಿನಿಂದ ಪುಟ್ಟ ಪಾರ್ಸೆಲ್. ಮೂರು ಫ್ಲಾಪಿ, ಕನ್ನಡ ಫಾಂಟ್. ಯಾವ ಕೀ ಒತ್ತಿದರೆ ಯಾವ ಅಕ್ಷರ ಎಂದು ಕೈಯಲ್ಲೇ ಬರೆದ ಹಾಳೆ. ದುಂಡಗಿನ ಅಕ್ಷರ. ಕೆಳಗೆ: "ಇನ್ನು ನಿಮ್ಮ ಮಾತಿಗೆ ನನ್ನಂಥವಳ ಕೈ ತಾಗೋದು ಬೇಡ."

ಉದಯನ ವೀಕೆಂಡಿಗೆ ಕಾಯಲಿಲ್ಲ. ನಾನೇ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಏಳು ತಿಂಗಳು ಅವನನ್ನು ಬೈದುಕೊಂಡು ಕೂತಿದ್ದೆ.

ಮೊದಲು ಟೈಪ್ ಮಾಡಿದ ಪದ ಜಡ್ಡು. ಪರದೆಯ ಮೇಲೆ ಒಂಟಿಯಾಗಿ ನಿಂತಿತು. ಗುಡಿಸು ಇಲ್ಲ, ಏನೂ ಇಲ್ಲ. ಬಹಳ ಹೊತ್ತು ನೋಡಿದೆ.

12.40

ಅವಳಿಗೆ ಕಾಗದ ಶುರು ಮಾಡಿದ್ದೇನೆ, ಅವಳದೇ ಫಾಂಟಿನಲ್ಲಿ. ಲೆಂಟ್ಸ್‌ಗೂ ಇದರದೇ ಪ್ರತಿ ಹೋಗುತ್ತದೆ, ಇಂಗ್ಲಿಷಿನಲ್ಲಿ. ಆಮೇಲೆ ಎಡಿಟರ್ ಕೆಲಸ ಇರುವುದಿಲ್ಲ, ಗೊತ್ತು. ಮುಖಪುಟದ ಹೆಸರೂ ಇರಲಿಕ್ಕಿಲ್ಲ. ಹಿಂದೆ ಸರಿಯಬಾರದು ಎಂದು ಇಲ್ಲಿಯೂ ಬರೆದಿಡುತ್ತೇನೆ.

"ಹರಿಪ್ರಿಯಾ ಅವರೆ, ಜೂನ್ ಹದಿನಾಲ್ಕರ ನಿಮ್ಮ ಮೇಲ್ ನನಗೆ ತಲುಪಿತ್ತು. ಐದನೇ ಪುಟ ನೋಡಿದೆ. ನಕ್ಕೆ ಕೂಡ. ನಿಮಗೆ ಒಂದು ಸಾಲು ಬರೆಯಲು ಪೂರ್ತಿ ಒಂದು ದಿನ ಇತ್ತು ನನಗೆ, ನೀವೇ ಅಂದ ಹಾಗೆ ಎಷ್ಟೊಂದು ಟೈಮು. ಬರೆಯಲಿಲ್ಲ. ಯಾಕೆಂದರೆ ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು."